ಛಾಯಾಚಿತ್ರವೆಂಬ ಓದದ ಪಠ್ಯ: ದಕ್ಷಿಣ ಬೆಂಗಳೂರಿನ ನೆಲೆಯಿಂದ ಕೆಲವು ವಿಚಾರಗಳು

1

ಕನ್ನಡ ಸಂಶೋಧನೆಯು ತನ್ನ ಆರಂಭದ ದಿನಗಳಿಂದಲೂ ಛಾಯಾಚಿತ್ರವನ್ನು ಅವಲಂಬಿಸಿಕೊಂಡೇ ಬೆಳೆದಿದೆ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳ ಚಿತ್ರಫಲಕಗಳು, ಶಾಸನಗಳ ಪಡಿಯಚ್ಚುಗಳ ಪ್ರತಿಕೃತಿಗಳು, ತಾಳೆಗರಿಗಳ ಮೈಕ್ರೋಫಿಲ್ಮುಗಳು ಇಲ್ಲದೆ ಆರ್. ನರಸಿಂಹಾಚಾರ್ಯರಿಂದ ಈಚಿನವರೆಗಿನ ನಮ್ಮ ವಿದ್ವತ್ತಿನ ದೊಡ್ಡ ಭಾಗವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. 1866ರಲ್ಲಿ ಪ್ರಕಟವಾದ ‘ಆರ್ಕಿಟೆಕ್ಚರ್ ಇನ್ ಧಾರವಾಡ್ ಅಂಡ್ ಮೈಸೂರ್’ ಗ್ರಂಥವು ಈ ನಾಡಿನ ದೇವಾಲಯಗಳ ಛಾಯಾಚಿತ್ರಗಳನ್ನೇ ಆಧಾರವಾಗಿ ಇಟ್ಟುಕೊಂಡು ರಚಿತವಾದದ್ದು. ಅಲ್ಲಿಂದ ಇಂದಿನ ಪಿಎಚ್.ಡಿ. ಪ್ರಬಂಧಗಳ ಅನುಬಂಧದವರೆಗೆ ಕ್ಯಾಮೆರಾ ನಮ್ಮ ಜೊತೆಗೇ ಇದೆ. ಆದರೆ ಅದು ಇರುವುದು ಉಪಕರಣವಾಗಿ. ಶಾಸನವನ್ನು ಓದುವುದಕ್ಕೆ ಛಾಯಾಚಿತ್ರ ಬೇಕು; ಛಾಯಾಚಿತ್ರವನ್ನೇ ಓದಬೇಕು ಎಂಬ ವಿಚಾರ ನಮ್ಮ ಶಿಸ್ತಿನ ಒಳಗೆ ಗಟ್ಟಿಯಾಗಿ ಬೇರೂರಿಲ್ಲ.

ಕಳೆದ ಕೆಲವು ದಶಕಗಳಲ್ಲಿ ಕನ್ನಡ ಅಧ್ಯಯನವು ‘ಪಠ್ಯ’ ಎಂಬ ಮಾತಿನ ವ್ಯಾಪ್ತಿಯನ್ನು ಸಾಕಷ್ಟು ವಿಸ್ತರಿಸಿಕೊಂಡಿದೆ. ಮೌಖಿಕ ಕಾವ್ಯ, ಆಚರಣೆ, ಸಿನಿಮಾ, ಜಾತ್ರೆ, ಜಾಹೀರಾತು ಎಲ್ಲವೂ ಸಂಸ್ಕೃತಿ ಅಧ್ಯಯನದ ಸಾಮಗ್ರಿಯಾಗಿವೆ. ಈ ವಿಸ್ತರಣೆಯ ಪಟ್ಟಿಯಲ್ಲಿ ಪ್ರತಿಯೊಬ್ಬರ ಮನೆಯ ಗೋಡೆಯ ಮೇಲೂ ಬೀರುವಿನ ಒಳಗೂ ಇರುವ ಛಾಯಾಚಿತ್ರಕ್ಕೆ ಸಿಕ್ಕಿರುವ ಸ್ಥಾನ ತೀರಾ ಕಡಿಮೆ. ಸಾಹಿತಿಗಳ ಆತ್ಮಕಥೆಯ ನಡುವೆ ಸೇರಿಸುವ ಎಂಟು ಪುಟಗಳ ಚಿತ್ರಸಂಪುಟವನ್ನು ನಾವು ತಿರುವಿ ಹಾಕುತ್ತೇವೆಯೇ ಹೊರತು ಅದರ ಬಗ್ಗೆ ಒಂದು ಪ್ಯಾರಾ ಬರೆಯುವುದಿಲ್ಲ.

ಈ ಲೇಖನದ ಉದ್ದೇಶ ಎರಡು. ಒಂದು, ಸಂಸ್ಕೃತಿಯ ಸಮಾಜಶಾಸ್ತ್ರದ ದೃಷ್ಟಿಯಿಂದ ಛಾಯಾಚಿತ್ರವನ್ನು ಸಾಂಸ್ಕೃತಿಕ ಉತ್ಪಾದನೆಯಾಗಿ ನೋಡಿದಾಗ ಕನ್ನಡ ಸಮಾಜದ ಯಾವ ಪ್ರಶ್ನೆಗಳು ಮುನ್ನೆಲೆಗೆ ಬರುತ್ತವೆ ಎಂಬುದನ್ನು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟುಗಳ ನಿದರ್ಶನದ ಮೂಲಕ ಸೂಚಿಸುವುದು. ಎರಡು, ಈ ಸಾಮಗ್ರಿ ನಮ್ಮ ಕಣ್ಣೆದುರಿಗೇ ನಾಶವಾಗುತ್ತಿರುವುದರಿಂದ ಕನ್ನಡ ವಿಭಾಗಗಳು ಅದರ ಹೊಣೆಯನ್ನು ಹೊರಬೇಕೆಂದು ವಾದಿಸುವುದು.

2

‘ಇದು ಇತಿಹಾಸದವರ ಅಥವಾ ಸಮಾಜಶಾಸ್ತ್ರದವರ ಕೆಲಸ, ಭಾಷಾ ವಿಭಾಗಕ್ಕೆ ಇದರಿಂದ ಏನು?’ ಎಂಬ ಆಕ್ಷೇಪವನ್ನು ಮೊದಲಿಗೇ ಎದುರಿಸುವುದು ಒಳ್ಳೆಯದು. ಛಾಯಾಚಿತ್ರವು ನಮ್ಮಲ್ಲಿ ಭಾಷೆಯ ಹೊರಗೆ ಎಂದೂ ಇದ್ದಿಲ್ಲ. ಒಂದೇ ವಸ್ತುವಿಗೆ ಕನ್ನಡದಲ್ಲಿ ಮೂರು ಹೆಸರುಗಳಿವೆ. ‘ಫೋಟೋ’ ಎಂಬುದು ದಿನಬಳಕೆಯ ಮಾತು; ಅದು ರೇಷನ್ ಕಾರ್ಡಿಗೂ ಮದುವೆಗೂ ಸಲ್ಲುತ್ತದೆ. ‘ಛಾಯಾಚಿತ್ರ’ ಎಂದೊಡನೆ ಕಲೆ, ಪ್ರದರ್ಶನ, ಪತ್ರಿಕೆಗಳ ಲೋಕ ತೆರೆದುಕೊಳ್ಳುತ್ತದೆ. ‘ಭಾವಚಿತ್ರ’ವೆಂದರೆ ವ್ಯಕ್ತಿಯ ಮುಖ, ಅನಾವರಣಗೊಳ್ಳುವುದು, ಮಾಲಾರ್ಪಣೆಗೆ ಒಳಗಾಗುವುದು, ಮೆರವಣಿಗೆಯಲ್ಲಿ ಸಾಗುವುದು ಭಾವಚಿತ್ರವೇ. ಯಾರ ಚಿತ್ರವನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರಲ್ಲಿ ಒಂದು ಸಾಮಾಜಿಕ ಶ್ರೇಣಿಯೇ ಅಡಗಿದೆ. ಕೂಲಿಯಾಳಿನ ಗುರುತಿನ ಚೀಟಿಯಲ್ಲಿರುವುದನ್ನು ಯಾರೂ ಭಾವಚಿತ್ರ ಎನ್ನುವುದಿಲ್ಲ.

ಕ್ರಿಯಾಪದಗಳೂ ಹಾಗೆಯೇ. ಹಿಂದಿನ ತಲೆಮಾರಿನವರು ಫೋಟೋ ‘ಹಿಡಿಸಿಕೊಂಡರು’, ಅನಂತರದವರು ‘ತೆಗೆಸಿಕೊಂಡರು’, ಈಗಿನವರು ‘ಹೊಡೆಯುತ್ತಾರೆ’ ಅಥವಾ ‘ತಗೊಳ್ಳುತ್ತಾರೆ’. ಮೊದಲೆರಡು ರೂಪಗಳಲ್ಲಿರುವ ಪ್ರೇರಣಾರ್ಥಕವು ಇನ್ನೊಬ್ಬ ವೃತ್ತಿಗಾರನ ಇರವನ್ನು ಸೂಚಿಸುತ್ತದೆ. ಕ್ಯಾಮೆರಾ ಬಳಸುವವನ ಕೈಗೇ ಬಂದ ಮೇಲೆ ಆ ಪ್ರತ್ಯಯ ಬಿದ್ದುಹೋಗಿದೆ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹಳೆಯ ನಂಬಿಕೆ, ಗೋಡೆಯ ಮೇಲಿನ ಫೋಟೋ ಆಗುವುದೆಂದರೆ ಸಾಯುವುದು ಎಂಬ ಆಡುಮಾತು, ಚಿತ್ರದ ಹಿಂಬದಿಯಲ್ಲಿ ಶಾಯಿಯಿಂದ ಬರೆದಿಟ್ಟ ಊರು ತಾರೀಖು ಸಂಬಂಧಸೂಚಕಗಳು, ಶ್ರದ್ಧಾಂಜಲಿ ಜಾಹೀರಾತಿನ ಒಕ್ಕಣೆ, ಇವೆಲ್ಲ ಭಾಷೆಯ ಸಾಮಗ್ರಿ. ಇವನ್ನು ಓದಬಲ್ಲ ತರಬೇತಿ ಇರುವುದು ಕನ್ನಡದ ವಿದ್ಯಾರ್ಥಿಗೇ.

ಸೈದ್ಧಾಂತಿಕವಾಗಿ ಇಲ್ಲಿ ಹೆಚ್ಚು ನೆರವಿಗೆ ಬರುವವರು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ. ವಾಲ್ಟರ್ ಬೆಂಜಮಿನ್, ರೋಲಾಂ ಬಾರ್ತ್, ಸೂಸನ್ ಸೊಂಟಾಗ್ ಅವರನ್ನು ನಮ್ಮ ವಿಮರ್ಶೆ ಆಗಾಗ ಉಲ್ಲೇಖಿಸಿದೆ. ಇವರು ಮುಖ್ಯವಾಗಿ ಛಾಯಾಚಿತ್ರ ಎಂದರೇನು ಎಂದು ಕೇಳಿದವರು. ಬೋರ್ದ್ಯೂ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನವು ಜನ ಅದರಿಂದ ಏನು ಮಾಡುತ್ತಾರೆ ಎಂದು ಕೇಳಿತು. ಯಂತ್ರ ಯಾವುದನ್ನು ಬೇಕಾದರೂ ಹಿಡಿಯಬಲ್ಲದಾದರೂ ಪ್ರತಿಯೊಂದು ವರ್ಗವೂ ಹಿಡಿಯಲು ಯೋಗ್ಯವಾದ ವಸ್ತು, ಸಂದರ್ಭ, ಭಂಗಿಗಳ ಒಂದು ಸೀಮಿತ ಪಟ್ಟಿಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಕುಟುಂಬದ ಒಗ್ಗಟ್ಟನ್ನು ವಿಧಿವತ್ತಾಗಿ ಸಾರುವುದು ಜನಸಾಮಾನ್ಯರ ಛಾಯಾಚಿತ್ರದ ಮುಖ್ಯ ಕಾರ್ಯ. ಕ್ಯಾಮೆರಾ ಕ್ಲಬ್ಬಿನ ಸದಸ್ಯನಾದವನು ಈ ಕೌಟುಂಬಿಕ ಬಳಕೆಯಿಂದ ದೂರ ಸರಿಯುವುದರ ಮೂಲಕವೇ ತನ್ನ ಅಭಿರುಚಿಯನ್ನು ಸ್ಥಾಪಿಸಿಕೊಳ್ಳುತ್ತಾನೆ. ಭಾರತದ ಸಂದರ್ಭದಲ್ಲಿ ಕ್ರಿಸ್ಟೋಫರ್ ಪಿನ್ನಿ ಅವರು ‘ಕ್ಯಾಮೆರಾ ಇಂಡಿಕಾ’ದಲ್ಲಿ (1997) ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಅಧ್ಯಯನ ಮಾಡಿ, ಅಲ್ಲಿಗೆ ಬಂದವರು ತಾವು ಇರುವ ಹಾಗಲ್ಲದೆ ಆಗಬಯಸಿದ ಹಾಗೆ ಚಿತ್ರಿತರಾಗುತ್ತಿದ್ದುದನ್ನು ತೋರಿಸಿದರು. ಬೋರ್ದ್ಯೂ ಅವರ ವರ್ಗದ ಪ್ರಶ್ನೆಗೆ ಜಾತಿಯ ಪ್ರಶ್ನೆಯನ್ನು ಸೇರಿಸಿಕೊಳ್ಳದೆ ಈ ಚೌಕಟ್ಟನ್ನು ನಮ್ಮಲ್ಲಿ ಬಳಸಲಾಗದು.

3

ಜಯನಗರ ಬಡಾವಣೆಗೆ 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದರು. ಅಂದಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಮತ್ತು 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನಗಳನ್ನು ಹಂಚುತ್ತಾ ಹೋದಂತೆ ಬೈರಸಂದ್ರ, ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ತಾವರೆಕೆರೆ, ಮಡಿವಾಳದಂಥ ಹಳ್ಳಿಗಳು ಬಡಾವಣೆಗಳ ನಡುವೆ ನಡುಗಡ್ಡೆಗಳಾದವು. ಬಿ.ಟಿ.ಎಂ. ಎಂಬ ಸಂಕ್ಷಿಪ್ತ ರೂಪದಲ್ಲೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕರಗಿಹೋಗಿವೆ. ಸರ್ಕಾರಿ ನೌಕರರು, ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳ ಉದ್ಯೋಗಿಗಳು, ಅಧ್ಯಾಪಕರು ನಿವೇಶನದ ಹಂಚಿಕೆ ಪತ್ರ ಹಿಡಿದು ಬಂದರು. ಒಕ್ಕಲುತನ ಕಳೆದುಕೊಂಡ ಹಳ್ಳಿಯವರು ಅದೇ ನೆಲದಲ್ಲಿ ಹಿಂದಿನ ಬೀದಿಗಳ ನಿವಾಸಿಗಳಾಗಿ ಉಳಿದರು. ಕನ್ನಡದ ನಗರ ಮಧ್ಯಮವರ್ಗವೆಂದು ನಾವು ಕರೆಯುವ ಗುಂಪು ಬೆಳೆದ ಮುಖ್ಯ ನೆಲೆಗಳಲ್ಲಿ ಇದೂ ಒಂದು.

ಈ ವರ್ಗವು ತನ್ನನ್ನು ತಾನು ಕಂಡುಕೊಂಡ ಜಾಗ ಬಡಾವಣೆಯ ಮುಖ್ಯರಸ್ತೆಯ ಫೋಟೋ ಸ್ಟುಡಿಯೋ. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಮಾದರಿ ಚಿತ್ರಗಳು, ಒಳಗೆ ಪರದೆ, ಎರಡು ದೀಪ, ಒಂದು ಸ್ಟೂಲು, ತಲೆ ಬಾಚಿಕೊಳ್ಳಲು ಕನ್ನಡಿ ಬಾಚಣಿಗೆ, ಸ್ನೋ ಪೌಡರು, ಹಿಂದೆ ಡಾರ್ಕ್ ರೂಂ. ಅಲ್ಲಿ ಹುಟ್ಟುತ್ತಿದ್ದ ಚಿತ್ರಗಳ ಪಟ್ಟಿ ಬೋರ್ದ್ಯೂ ಹೇಳುವಷ್ಟೇ ಸೀಮಿತವಾದದ್ದು: ಹುಟ್ಟಿದ ಮಗು, ಮೊಗ್ಗಿನ ಜಡೆಯ ಹುಡುಗಿಯ ಬೆನ್ನನ್ನು ಕನ್ನಡಿಯಲ್ಲಿ ತೋರಿಸುವ ಚಿತ್ರ, ಎಸ್.ಎಸ್.ಎಲ್.ಸಿ. ಅರ್ಜಿಗೆ ಪಾಸ್‌ಪೋರ್ಟ್ ಸೈಜ್, ಪದವಿಯ ನಿಲುವಂಗಿ, ಗಂಡಿನ ಮನೆಗೆ ಕಳಿಸುವ ಚಿತ್ರ, ಹೊಸ ದಂಪತಿ, ಕುಟುಂಬದ ಗುಂಪು. ಪ್ರತಿಯೊಂದೂ ಬದುಕಿನ ಒಂದು ಹೊಸ್ತಿಲು. ಮೊಗ್ಗಿನ ಜಡೆಯ ಚಿತ್ರದಲ್ಲಿ ಹುಡುಗಿಯ ಮುಖಕ್ಕೂ ಜಡೆಗೂ ಸಮಾನ ಸ್ಥಾನ ಕೊಡಲು ಸ್ಟುಡಿಯೋದವನು ಕನ್ನಡಿಯನ್ನು ಇಡುತ್ತಿದ್ದ ಕ್ರಮ ಒಂದು ಅಪ್ಪಟ ದೇಶೀಯ ಪರಿಹಾರ. ಅದಕ್ಕೆ ಪಾಶ್ಚಾತ್ಯ ಭಾವಚಿತ್ರದ ನಿಯಮದ ಹಂಗಿಲ್ಲ. ಗಂಡಿನ ಮನೆಗೆ ಕಳಿಸುವ ಚಿತ್ರದ ‘ಟಚಿಂಗ್’ ಬೇರೆಯದೇ ಕಥೆ ಹೇಳುತ್ತದೆ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮುಖದ ಕಲೆಯನ್ನು ಅಳಿಸುವ, ಬಣ್ಣವನ್ನು ತಿಳಿಗೊಳಿಸುವ ಆ ಕುಶಲತೆಯು ವಿವಾಹ ಮಾರುಕಟ್ಟೆಯ ವರ್ಣ ಮತ್ತು ಲಿಂಗ ರಾಜಕಾರಣದ ನೇರ ಸಾಕ್ಷ್ಯ. ಇಂದಿನ ಮೊಬೈಲಿನ ‘ಬ್ಯೂಟಿ’ ಸೌಲಭ್ಯವು ಅದನ್ನೇ ಯಂತ್ರದ ಒಳಗೆ ಸೇರಿಸಿದೆ.

ಬಡವರ ಛಾಯಾಚಿತ್ರದ ಚರಿತ್ರೆ ಬೇರೆ ದಾರಿಯಲ್ಲಿ ನಡೆಯಿತು. ಅವರಲ್ಲಿ ಅನೇಕರಿಗೆ ಮೊದಲ ಫೋಟೋ ಒದಗಿಸಿದ್ದು ಕುಟುಂಬದ ಸಂಭ್ರಮವಾಗಿರದೆ ಪ್ರಭುತ್ವದ ಅಗತ್ಯ. ಪಡಿತರ ಚೀಟಿಯ ಕುಟುಂಬ ಚಿತ್ರ, 1993ರಲ್ಲಿ ಚುನಾವಣಾ ಆಯೋಗ ಆರಂಭಿಸಿದ ಭಾವಚಿತ್ರವಿರುವ ಮತದಾರರ ಚೀಟಿ, 2010ರಿಂದ ಆಧಾರ್, ಬಾಡಿಗೆ ಕರಾರಿಗೆ ಅಂಟಿಸುವ ಚಿತ್ರ, ಇವು ಕೋಟ್ಯಂತರ ಜನರ ಮುಖವನ್ನು ಮೊದಲಬಾರಿಗೆ ಕಾಗದಕ್ಕೆ ತಂದವು. ವಿಪರ್ಯಾಸವೆಂದರೆ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಇದೇ ಗುರುತಿನ ಚೀಟಿಯ ಚಿತ್ರವನ್ನು ಸ್ಟುಡಿಯೋಗೆ ತಂದು ದೊಡ್ಡದು ಮಾಡಿಸಿ, ಅಂಗಿಯ ಮೇಲೊಂದು ಕೋಟು ಕೂಡಿಸಿ, ಹಣೆಗೆ ಕುಂಕುಮ ಇಡಿಸಿ, ಹಾರ ಹಾಕಲು ತಕ್ಕ ಭಾವಚಿತ್ರವಾಗಿ ಪರಿವರ್ತಿಸಲಾಗುತ್ತದೆ. ಪ್ರಭುತ್ವವು ನಿಯಂತ್ರಣಕ್ಕಾಗಿ ಹಿಡಿದ ಮುಖವನ್ನು ಕುಟುಂಬವು ಗೌರವಕ್ಕಾಗಿ ಮರಳಿ ಪಡೆಯುವ ಈ ಕ್ರಿಯೆಯನ್ನು ಸಂಸ್ಕೃತಿಯ ಸಮಾಜಶಾಸ್ತ್ರವು ಗಂಭೀರವಾಗಿ ಪರಿಗಣಿಸಬೇಕು. ಬಿ.ಟಿ.ಎಂ. ಲೇಔಟಿನ ಹಿಂದಿನ ರಸ್ತೆಗಳಲ್ಲಿ ಜೆರಾಕ್ಸ್ ಅಂಗಡಿಯ ಮೂಲೆಯಾಗಿ ಇಂದಿಗೂ ಉಳಿದಿರುವ ಸ್ಟುಡಿಯೋಗಳ ಜೀವನೋಪಾಯ ಬಹುಮಟ್ಟಿಗೆ ಇಂಥ ಕೆಲಸಗಳಿಂದಲೇ ಸಾಗುತ್ತದೆ.

ತಂತ್ರಜ್ಞಾನದ ಪಲ್ಲಟಗಳನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬಹುದು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಸುರುಳಿಗಳು, ಮನೆಮನೆಯ ಆಗ್ಫಾ ಕ್ಲಿಕ್, ಬಣ್ಣದ ಚಿತ್ರ ತೊಳೆಯುವ ಲ್ಯಾಬುಗಳು, ಮದುವೆಯ ‘ಕರಿಜ್ಮಾ’ ಆಲ್ಬಂ, ಕೊನೆಗೆ ಮೊಬೈಲು. 2012ರಲ್ಲಿ ಕೊಡಕ್ ಕಂಪೆನಿಯೇ ದಿವಾಳಿ ಅರ್ಜಿ ಸಲ್ಲಿಸಿತು. ಪ್ರತಿ ಹಂತದಲ್ಲೂ ಹಿಂದಿನ ಹಂತದ ನೆಗೆಟಿವುಗಳು ಅನುಪಯುಕ್ತ ಸರಕಾದವು. ಅಂಗಡಿಯ ಬಾಡಿಗೆ ಏರಿದಾಗ, ಮಾಲೀಕರು ತೀರಿಕೊಂಡಾಗ, ಮಕ್ಕಳು ಬೇರೆ ಉದ್ಯೋಗ ಹಿಡಿದಾಗ ಮೊದಲು ಗುಜರಿಗೆ ಹೋಗುವುದು ಆ ಡಬ್ಬಿಗಳೇ.

4

ಛಾಯಾಚಿತ್ರವನ್ನು ಸಂಗ್ರಹಿಸಬೇಕೆಂದು ಹೇಳುವಾಗ, ಸಂಗ್ರಹಿಸುವ ನೋಟಕ್ರಮದ ಇತಿಹಾಸವನ್ನು ಮರೆಯುವ ಹಾಗಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ವಸಾಹತುಶಾಹಿಯು ಜನರನ್ನು ಜಾತಿ ಬುಡಕಟ್ಟುಗಳ ಮಾದರಿಗಳನ್ನಾಗಿ ಜೋಡಿಸಿದ ಬೃಹತ್ ಯೋಜನೆ. ಇದನ್ನು ವಸಾಹತುಶಾಹಿಯ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ‘ದಿ ಮೈಸೂರು ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಎಂಬ ಸಚಿತ್ರ ಸಂಪುಟಗಳು ನಮ್ಮವೇ. ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಮುಗಿಸಿದ ಈ ನಾಲ್ಕು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ ಮುಂದಕ್ಕೆ ಪ್ರಕಟಿಸಿತು. ನಂಜುಂಡಯ್ಯನವರು ಆ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. ಕನ್ನಡದ ಸಾಂಸ್ಥಿಕ ಚರಿತ್ರೆಯ ಮೊದಲ ಪುಟದಲ್ಲಿರುವ ವ್ಯಕ್ತಿಯೇ ಜಾತಿಗಳ ಸಮೀಕ್ಷೆಯ ಮುಂಚೂಣಿಯಲ್ಲೂ ಇದ್ದುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ನಾಡನ್ನು ಅರಿಯುವುದು, ನಾಡಿನ ಜನರನ್ನು ವಿಂಗಡಿಸುವುದು, ನಾಡನುಡಿಯನ್ನು ಕಟ್ಟುವುದು ಆ ಕಾಲದ ಸುಧಾರಕ ಆಡಳಿತಗಾರರಿಗೆ ಪರಸ್ಪರ ಹೊಂದಿಕೊಂಡ ಕಾರ್ಯಗಳಾಗಿದ್ದವು. ಅಲ್ಲಿನ ಚಿತ್ರಗಳಲ್ಲಿ ನಿಂತವರು ಒಂದು ಜಾತಿಯ ಹೆಸರಿನಿಂದ ಪರಿಚಿತರಾಗುತ್ತಾರೆಯೇ ವಿನಾ ತಮ್ಮ ಹೆಸರಿನಿಂದ ಅಲ್ಲ.

ಈ ನೋಟಕ್ಕೆ ಬೆಂಗಳೂರಿನಿಂದಲೇ ಬಂದ ಒಂದು ಸಮರ್ಥ ಪ್ರತಿಕ್ರಿಯೆ ಕಲಾವಿದೆ ಎನ್. ಪುಷ್ಪಮಾಲಾ ಅವರದು. ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರ ಅವಧಿಯಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿಯಲ್ಲಿ ಅವರು ರವಿವರ್ಮನ ದೇವಿಯಾಗಿ, ಜನಾಂಗಶಾಸ್ತ್ರದ ಅಳತೆಗೆ ಒಳಗಾದ ಬುಡಕಟ್ಟಿನ ಹೆಣ್ಣಾಗಿ, ಪತ್ರಿಕೆಯಲ್ಲಿ ಬಂದ ಆಪಾದಿತೆಯಾಗಿ, ಸಿನಿಮಾ ನಾಯಕಿಯಾಗಿ ತಾವೇ ಕ್ಯಾಮೆರಾದ ಎದುರು ನಿಂತರು. ಪರದೆ, ಉಡುಪು, ಭಂಗಿಗಳನ್ನು ಹಳೆಯ ಸ್ಟುಡಿಯೋ ಕ್ರಮದಲ್ಲೇ ಮರುಸೃಷ್ಟಿಸಿ, ‘ಮಾದರಿ’ ಎನ್ನುವುದು ಹೇಗೆ ತಯಾರಾಗುತ್ತದೆ ಎಂಬುದನ್ನು ಬಯಲು ಮಾಡಿದರು. ಅವರು ತಮ್ಮ ಕಲಾಚಟುವಟಿಕೆಗೆ ಇಟ್ಟುಕೊಂಡ ಹೆಸರು ‘ಸೋಂಬೇರಿಕಟ್ಟೆ’. ಅಶ್ವತ್ಥಕಟ್ಟೆಯ ಹರಟೆಯನ್ನು ನೆನಪಿಸುವ ಆ ಅಚ್ಚಗನ್ನಡ ಹೆಸರು ಅಂತರರಾಷ್ಟ್ರೀಯ ಕಲಾವಲಯದಲ್ಲಿ ಓಡಾಡಿದೆ. ಆದರೂ ಈ ಕೃತಿಗಳನ್ನು ಕುರಿತ ಚರ್ಚೆಯ ಹೆಚ್ಚಿನ ಪಾಲು ನಡೆದಿರುವುದು ಇಂಗ್ಲಿಷಿನಲ್ಲಿ. ಸ್ತ್ರೀವಾದಿ ವಿಮರ್ಶೆಯನ್ನು ಇಷ್ಟು ಗಂಭೀರವಾಗಿ ಕಟ್ಟಿಕೊಂಡಿರುವ ಕನ್ನಡಕ್ಕೆ ಇದು ಭೂಷಣವಲ್ಲ.

ಹವ್ಯಾಸಿಗಳ ಲೋಕವನ್ನೂ ಇಲ್ಲಿ ಗಮನಿಸಬೇಕು. 1971ರಲ್ಲಿ ಸ್ಥಾಪನೆಯಾದ ಯೂತ್ ಫೋಟೋಗ್ರಫಿಕ್ ಸೊಸೈಟಿಯಂಥ ಸಂಸ್ಥೆಗಳು, ವನ್ಯಜೀವಿ ಛಾಯಾಗ್ರಹಣದಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರು ಮಾಡಿದ ಸಾಧನೆ ಕರ್ನಾಟಕಕ್ಕೆ ದೊಡ್ಡ ಹೆಸರು ತಂದಿವೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಚಿತ್ರಗಳು ಕನ್ನಡ ಓದುಗರಿಗೆ ಅವರ ಗದ್ಯದಷ್ಟೇ ಪರಿಚಿತ. ಈ ಸಾಧನೆಯನ್ನು ಕಿಂಚಿತ್ತೂ ಕಡಿಮೆ ಮಾಡದೆ ಒಂದು ಪ್ರಶ್ನೆಯನ್ನು ಕೇಳಬಹುದು. ಸ್ಪರ್ಧೆಗಳಿಗೆ ಸಲ್ಲುವ ಚಿತ್ರಗಳಲ್ಲಿ ಕಾಡು, ಹಕ್ಕಿ, ಮಂಜು, ಸುಕ್ಕುಗಟ್ಟಿದ ಮುಖದ ಹಳ್ಳಿಯ ಮುದುಕಿ, ಧೂಳಿನ ಸಂಜೆಯಲ್ಲಿ ಮರಳುವ ಮಂದೆ ಮತ್ತೆ ಮತ್ತೆ ಬರುತ್ತವೆ. ಛಾಯಾಗ್ರಾಹಕನು ಸ್ವತಃ ಬದುಕುವ ಬಡಾವಣೆ ಅಷ್ಟಾಗಿ ಬರುವುದಿಲ್ಲ. ಬಸವನಗುಡಿಯಲ್ಲಿ ಕಾರ್ತಿಕ ಮಾಸದಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಕ್ಯಾಮೆರಾ ಹಿಡಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ಕಾಣುತ್ತೇವೆ. ರಾಶಿಯ ಹಿಂದೆ ಕೂತ ಹೆಂಗಸಿನ ಮುಖ ನೂರಾರು ಬಾರಿ ಸೆರೆಯಾಗುತ್ತದೆ. ಆಕೆಯ ಹೆಸರನ್ನು, ಆಕೆ ಯಾವ ಊರಿನಿಂದ ಬಂದಳೆಂಬುದನ್ನು ಕೇಳುವವರು ಎಷ್ಟು ಮಂದಿ? ಆಕೆಯ ಕೈಗೆ ಒಂದು ಪ್ರತಿ ತಲಪುತ್ತದೆಯೆ? ನಂಜುಂಡಯ್ಯನವರ ಸಂಪುಟದ ಅನಾಮಿಕತೆ ಇಲ್ಲಿ ಸೌಂದರ್ಯದ ಹೆಸರಿನಲ್ಲಿ ಮುಂದುವರಿದಿದೆ.

ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರ ದಾರಿ ಇದಕ್ಕಿಂತ ಭಿನ್ನವಾದದ್ದು. ಪತ್ರಿಕಾ ಛಾಯಾಗ್ರಾಹಕರಾಗಿ ಜನಸಾಮಾನ್ಯರ ದೈನಿಕವನ್ನು ಮುಖ್ಯವೆಂದು ಬಗೆದ ಸತ್ಯನ್ ಅವರು ‘ಕಾಲಕ್ಕೆ ಕನ್ನಡಿ’ ಎಂಬ ಕನ್ನಡ ಪುಸ್ತಕವನ್ನೂ ಬರೆದರು. ಛಾಯಾಗ್ರಹಣದ ಅನುಭವವನ್ನು ಕನ್ನಡ ಗದ್ಯಕ್ಕೆ ತಂದ ಇಂಥ ಬರವಣಿಗೆಗಳನ್ನು ನಮ್ಮ ಗದ್ಯಪಠ್ಯಗಳಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ.

5

ಇನ್ನು ಗೋಡೆ ಮತ್ತು ಬೀದಿಯ ವಿಚಾರ. ಕನ್ನಡ ವಿಭಾಗಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಜ್ಞಾನಪೀಠ ಪುರಸ್ಕೃತರ ಎಂಟು ಭಾವಚಿತ್ರಗಳ ಸಾಲು: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ರಾಜ್ಯೋತ್ಸವದಂದು ಇದೇ ಸಾಲು ಜಯನಗರದ ಆಟೋ ನಿಲ್ದಾಣದ ಫ್ಲೆಕ್ಸಿಗೂ ಬರುತ್ತದೆ. ಎಂಟೂ ಪುರುಷರ ಮುಖಗಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಪ್ರಶಸ್ತಿಪಟ್ಟಿಯು ಚಿತ್ರಸಾಲಾಗಿ ಪರಿವರ್ತನೆಯಾದಾಗ ಅದಕ್ಕೆ ಬರುವ ಬಲವೇ ಬೇರೆ. ಪಟ್ಟಿಯೊಂದಿಗೆ ವಾಗ್ವಾದ ಮಾಡಬಹುದು. ಪ್ರತಿದಿನ ಕಣ್ಣಿಗೆ ಬೀಳುವ ಒಂದೇ ಅಳತೆಯ ಎಂಟು ಚೌಕಟ್ಟುಗಳು ವಾದವನ್ನು ಕೇಳುವುದಿಲ್ಲ. ‘ಕನ್ನಡ ಸಾಹಿತಿ’ ಎಂದರೆ ಹೇಗಿರುತ್ತಾನೆ ಎಂಬ ಕಲ್ಪನೆಯನ್ನು ಪದವಿ ವಿದ್ಯಾರ್ಥಿನಿಯಲ್ಲಿ ರೂಪಿಸುವುದು ಸಾಹಿತ್ಯ ಚರಿತ್ರೆಗಿಂತ ಮೊದಲು ಈ ಗೋಡೆ. ಎಂ.ಕೆ. ಇಂದಿರಾ, ತ್ರಿವೇಣಿ, ಅನುಪಮಾ ನಿರಂಜನರ ಲಕ್ಷಾಂತರ ಓದುಗರು ಅವರನ್ನು ಕಂಡದ್ದು ಪುಸ್ತಕದ ಹಿಂಬದಿಯ ಅಂಚೆಚೀಟಿ ಗಾತ್ರದ ಚಿತ್ರದಲ್ಲಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ನಂತರ ಮಹಿಳೆಯೊಬ್ಬರ, ಮುಸ್ಲಿಂ ಲೇಖಕಿಯೊಬ್ಬರ ಮುಖ ಕನ್ನಡ ಸಾಹಿತ್ಯದ ಸಾರ್ವಜನಿಕ ಚಿತ್ರವಾಗಿ ಪ್ರಚಾರಕ್ಕೆ ಬಂದಿತು. ಅದು ವಿಭಾಗಗಳ ಗೋಡೆಗೆ ಯಾವಾಗ, ಯಾವ ಸಾಲಿನಲ್ಲಿ ಬರುತ್ತದೆ ಎಂಬುದು ಕಾದುನೋಡಬೇಕಾದ ವಿಷಯ. ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರಂಥ ಛಾಯಾಗ್ರಾಹಕರು ದಶಕಗಳ ಕಾಲ ಲೇಖಕರ ಭಾವಚಿತ್ರಗಳನ್ನು ತೆಗೆದಿದ್ದಾರೆ. ನಮ್ಮ ಮನಸ್ಸಿನಲ್ಲಿರುವ ಲೇಖಕರ ಮುಖಗಳ ಕರ್ತೃಗಳು ಇವರು. ಆದರೆ ಲೇಖಕನ ಶೈಲಿಯನ್ನು ಚರ್ಚಿಸಿದ ನಾವು ಈ ಕರ್ತೃಗಳ ಶೈಲಿಯನ್ನು ಚರ್ಚಿಸಿಲ್ಲ.

ಗೋಡೆಯಿಂದ ಬೀದಿಗೆ ಬಂದರೆ ಫ್ಲೆಕ್ಸ್. 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ನಿರ್ದೇಶನದಂತೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದ ಸಾವಿರಾರು ಫ್ಲೆಕ್ಸುಗಳನ್ನು ತೆರವುಗೊಳಿಸಿತು. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯುವ ಕಾಯಿದೆ 1981ರಿಂದಲೇ ಇದೆ. ಪ್ಲಾಸ್ಟಿಕ್ ತ್ಯಾಜ್ಯ, ಪಾದಚಾರಿಗಳ ಅಪಾಯ, ರಾಜಕೀಯ ಪುಂಡಾಟಿಕೆಗಳ ದೃಷ್ಟಿಯಿಂದ ಈ ಕ್ರಮವನ್ನು ಸಮರ್ಥಿಸಲೇಬೇಕು. ಆದರೆ ಈ ಸಮರ್ಥನೆಯ ಜೊತೆಗೆ ಬಡಾವಣೆಗಳ ವಿದ್ಯಾವಂತರು ಆಡುವ ಇನ್ನೊಂದು ಮಾತಿದೆ: ಈ ಮುಖಗಳು ‘ಅಸಹ್ಯ’, ಇವರಿಗೆ ‘ಅಭಿರುಚಿ ಇಲ್ಲ’. ಅದೇ ರಸ್ತೆಯಲ್ಲಿ ಅಂಗಡಿಯ ಮುಂಭಾಗವನ್ನೆಲ್ಲ ಆವರಿಸಿದ ಚಿನ್ನದ ಜಾಹೀರಾತಿನ ಮುಖ ಹಾಗೆ ಅನಿಸುವುದಿಲ್ಲ. ಇಲ್ಲಿ ನಿಂದನೆಗೆ ಗುರಿಯಾಗುತ್ತಿರುವುದು ಚಿತ್ರವಷ್ಟೇ ಅಲ್ಲ, ಸಾರ್ವಜನಿಕ ಗೋಡೆಯ ಮೇಲೆ ಕಾಣಿಸಿಕೊಳ್ಳುವ ಧೈರ್ಯ ಮಾಡಿದ ಕೆಳಸ್ತರದ ಯುವಕನೂ ಹೌದು. ಅಭಿರುಚಿಯ ತೀರ್ಪು ವರ್ಗದ ತೀರ್ಪೂ ಆಗಿರುತ್ತದೆಂಬ ಬೋರ್ದ್ಯೂ ಅವರ ಪ್ರತಿಪಾದನೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಫ್ಲೆಕ್ಸಿನ ವಿನ್ಯಾಸವನ್ನೇ ಓದಿ ನೋಡಬಹುದು. ಮೇಲ್ತುದಿಯಲ್ಲಿ ದೇವರು ಅಥವಾ ಮಹಾಪುರುಷರು, ನಡುವೆ ನಾಯಕನ ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಎಂಬ ತಲೆಬರಹದಡಿ ಹೆಸರು ಅಡ್ಡಹೆಸರುಗಳ ಸಹಿತ ಚಿಕ್ಕ ಚಿಕ್ಕ ಚಿತ್ರಗಳು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೀದಿ ಬೀದಿಗಳಲ್ಲಿ ಎದ್ದ ಶ್ರದ್ಧಾಂಜಲಿ ಫಲಕಗಳಲ್ಲೂ ಇದೇ ಕ್ರಮವಿತ್ತು. ಬಿ.ಟಿ.ಎಂ. ಲೇಔಟಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಬೇಗೂರಿದೆ. ಸುಮಾರು ಕ್ರಿ.ಶ. 890ರ ಅಲ್ಲಿನ ವೀರಗಲ್ಲು ಶಾಸನದಲ್ಲಿ ಬೆಂಗಳೂರಿನ ಹೆಸರು ಬರುವುದು ನಮಗೆಲ್ಲ ತಿಳಿದದ್ದೇ. ವೀರಗಲ್ಲಿನ ಪರಂಪರೆಯಲ್ಲೂ ಸತ್ತವನ ರೂಪ, ಮೇಲ್ಪಟ್ಟಿಕೆಯಲ್ಲಿ ದೇವಲೋಕ, ಕಲ್ಲನ್ನು ನಿಲ್ಲಿಸಿದವರ ಹೆಸರು ಒಂದೇ ಚೌಕಟ್ಟಿನಲ್ಲಿ ಸೇರುತ್ತವೆ. ಇವೆರಡರ ನಡುವೆ ನೇರ ಸಂತತಿಯನ್ನು ಸ್ಥಾಪಿಸುವುದು ಅವಸರದ ಮಾತಾದೀತು. ಆದರೂ ಒಂದು ಹೋಲಿಕೆ ಉಪಯುಕ್ತ: ವೀರಗಲ್ಲಿನಲ್ಲಿ ಅಕ್ಷರವನ್ನು ನಾವು ಓದಿ, ಶಿಲ್ಪವನ್ನು ಕಲಾ ಇತಿಹಾಸದವರಿಗೆ ಬಿಟ್ಟೆವು. ಚಿತ್ರ ಮತ್ತು ಅಕ್ಷರ ಕೂಡಿದಾಗ ಮಾತ್ರ ಅರ್ಥವಾಗುವ ಸ್ಮಾರಕಗಳನ್ನು ಎರಡಾಗಿ ಸೀಳಿ ಓದುವ ಈ ರೂಢಿ ಛಾಯಾಚಿತ್ರದ ವಿಷಯದಲ್ಲೂ ನಮ್ಮನ್ನು ಹಿಂದಕ್ಕೆ ಹಿಡಿದಿದೆ.

6

ಆಗಬೇಕಾದ ಕೆಲಸದ ಬಗ್ಗೆ ಕೆಲವು ಸೂಚನೆಗಳು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ದಾಖಲೀಕರಣ ನಡೆದಿರುವುದು ಸ್ವಾಗತಾರ್ಹ. ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಬ್ರಿಟಿಷ್ ಲೈಬ್ರರಿಯ ಅಪಾಯದಂಚಿನ ದಾಖಲೆಗಳ ಯೋಜನೆಯ ನೆರವಿನಿಂದ ಡಿಜಿಟಲೀಕರಿಸಿದ್ದಾರೆ. 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವು ಬೆಂಗಳೂರಿಗೇ ಒಂದು ನೆಲೆಯನ್ನು ಒದಗಿಸಿದೆ. ಆದರೆ ವಸ್ತುಸಂಗ್ರಹಾಲಯವು ಆಯ್ಕೆಯ ಮೇಲೆ ನಿಲ್ಲುವ ಸಂಸ್ಥೆ. ಸಾಧಾರಣವಾದ, ಒಂದರಂತೆ ಇನ್ನೊಂದಿರುವ, ಕಲೆಯೆಂದು ಯಾರೂ ಕರೆಯದ ಸಾವಿರಾರು ನೆಗೆಟಿವುಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಸಮಾಜಶಾಸ್ತ್ರಕ್ಕೆ ಬೇಕಾದದ್ದು ಆ ಪುನರಾವರ್ತನೆಯೇ.

ಈ ಕೆಲಸಕ್ಕೆ ಬೇಕಾದ ವಿಧಾನ ನಮ್ಮ ಕೈಯಲ್ಲೇ ಇದೆ. ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳನ್ನು ತಯಾರಿಸಿದ ಪರಂಪರೆ ಕನ್ನಡ ವಿಭಾಗಗಳದು. ಗರಿಗಳ ಸಂಖ್ಯೆ, ಅಳತೆ, ಲಿಪಿಕಾರನ ಹೆಸರು, ಆದಿ, ಅಂತ್ಯ, ಸ್ಥಿತಿ, ಒಡೆತನ ಎಂದು ದಾಖಲಿಸುವ ಕ್ರಮವನ್ನು ಛಾಯಾಚಿತ್ರಕ್ಕೆ ಅಳವಡಿಸುವುದು ಕಠಿಣವಲ್ಲ: ಸ್ಟುಡಿಯೋ, ಕಾಲ, ಸಂದರ್ಭ, ಪರದೆ, ಉಡುಪು, ಭಂಗಿ, ಟಚಿಂಗ್, ಹಿಂಬದಿಯ ಬರಹ. ಒಬ್ಬೊಬ್ಬ ಎಂ.ಎ. ವಿದ್ಯಾರ್ಥಿ ತನ್ನ ಬಡಾವಣೆಯ ಅಥವಾ ಊರಿನ ಒಂದು ಸ್ಟುಡಿಯೋವನ್ನು ಆರಿಸಿಕೊಂಡು ಆರ್ಡರ್ ಪುಸ್ತಕ, ಉಳಿದ ನೆಗೆಟಿವು, ಮಾಲೀಕರ ನೆನಪುಗಳನ್ನು ದಾಖಲಿಸಿದರೆ ಕೆಲವೇ ವರ್ಷಗಳಲ್ಲಿ ಒಂದು ಸಂಗ್ರಹವೇ ಸಿದ್ಧವಾಗುತ್ತದೆ. ವೃತ್ತಿಯ ಪದಕೋಶಕ್ಕೂ ಇದು ಒಳ್ಳೆಯ ಆಕರ. ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವದಲ್ಲಿ ವಿನೆಗರ್ ವಾಸನೆ ಬಿಡುತ್ತಾ ಸುರುಟಿಹೋಗುತ್ತದೆ, ಬಣ್ಣದ ಪ್ರತಿ ಮಾಸುತ್ತದೆ, ಡಿಜಿಟಲ್ ಕಾಲದ ಹಾರ್ಡ್ ಡಿಸ್ಕು ಒಂದು ದಿನ ತೆರೆಯುವುದೇ ಇಲ್ಲ. ತಾಳೆಗರಿ ಮುನ್ನೂರು ವರ್ಷ ನಮಗಾಗಿ ಕಾದಿತ್ತು, ಇವು ಕಾಯಲಾರವು.

ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ಹಸ್ತಪ್ರತಿಯ ಕರ್ತೃ ಬದುಕಿಲ್ಲ. ಫೋಟೋದಲ್ಲಿರುವವರು ಪಕ್ಕದ ರಸ್ತೆಯಲ್ಲೇ ಇರಬಹುದು. ಗಂಡಿನ ಮನೆಗೆ ಕಳಿಸಲೆಂದು ತೆಗೆಸಿ ಮದುವೆ ಮುರಿದುಹೋದ ಹೆಣ್ಣಿನ ಚಿತ್ರವನ್ನು ಸಂಶೋಧನೆಯ ಹೆಸರಿನಲ್ಲಿ ಪ್ರಕಟಿಸುವ ಹಕ್ಕು ಸ್ಟುಡಿಯೋ ಮಾಲೀಕನಿಗೂ ಇಲ್ಲ, ವಿಶ್ವವಿದ್ಯಾನಿಲಯಕ್ಕೂ ಇಲ್ಲ. ಒಪ್ಪಿಗೆಯಿಲ್ಲದೆ ಪ್ರಕಟಣೆಯಿಲ್ಲ ಎಂಬುದು ಮೊದಲ ನಿಯಮವಾಗಬೇಕು. ಸಾಧ್ಯವಾದಲ್ಲೆಲ್ಲ ಡಿಜಿಟಲ್ ಪ್ರತಿಯೊಂದು ಚಿತ್ರದಲ್ಲಿರುವವರ ಕುಟುಂಬಕ್ಕೆ ಮರಳಬೇಕು. ಹೆಸರು ಹೇಳಲು ಒಪ್ಪಿದವರ ಹೆಸರನ್ನು ತಪ್ಪದೆ ದಾಖಲಿಸಬೇಕು. ‘ಜಯನಗರದ ಮಹಿಳೆ’, ‘ಮಡಿವಾಳದ ಕಾರ್ಮಿಕ’ ಎಂಬ ಶೀರ್ಷಿಕೆಗಳಿಂದ ತೃಪ್ತರಾದರೆ ನಾವು ಮತ್ತೆ ನೂರು ವರ್ಷ ಹಿಂದಿನ ಜಾತಿ ಸಂಪುಟವನ್ನೇ ಹೊಸ ಯಂತ್ರದಿಂದ ತಯಾರಿಸಿದಂತೆ ಆಗುತ್ತದೆ.

ಪಠ್ಯಕ್ರಮದ ಪರಿಷ್ಕರಣೆ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ. ಮುಂದಿನ ಪರಿಷ್ಕರಣೆಯಲ್ಲಿ ಸಂಸ್ಕೃತಿ ಅಧ್ಯಯನದ ಪತ್ರಿಕೆಗೆ ಛಾಯಾಚಿತ್ರದ ಒಂದು ಘಟಕವನ್ನೂ, ಕ್ಷೇತ್ರಕಾರ್ಯಕ್ಕೆ ಸ್ಟುಡಿಯೋ ದಾಖಲೀಕರಣವನ್ನೂ ಸೇರಿಸುವುದು ದೊಡ್ಡ ವೆಚ್ಚದ ಬೇಡಿಕೆಯೇನೂ ಅಲ್ಲ. ಮುಚ್ಚುವ ಹಂತದಲ್ಲಿರುವ ಸ್ಟುಡಿಯೋಗಳ ಪಟ್ಟಿಯನ್ನು ಈ ವರ್ಷವೇ ಮಾಡಲು ತೊಡಗಿದರೂ ಅರ್ಧದಷ್ಟು ಬಾಗಿಲುಗಳಿಗೆ ನಾವು ತಡವಾಗಿ ಹೋಗಿರುತ್ತೇವೆ ಎಂಬ ಆತಂಕ ನನ್ನದು. ಅಧ್ಯಯನ ಮಂಡಳಿಗಳ ಸದಸ್ಯರಾಗಿರುವ ಈ ಪತ್ರಿಕೆಯ ಓದುಗರು ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.